ಎರಡನೇ ಒಬ್ಬಟ್ಟು

ಎರಡನೇ ಒಬ್ಬಟ್ಟು ಎಲೆಗೆ ಬೀಳುವಷ್ಟರಲ್ಲಿ ಸಿದ್ದಣ್ಣ ಅಂಗೈ ಅಡ್ಡ ಹಿಡಿದ. "ಸಾಕಮ್ಮ, ಡಾಕ್ಟ್ರು…" ಎಂದವನ ಮಾತು ಅಲ್ಲಿಗೇ ನಿಂತಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಕಾಂತಮ್ಮ ಮೊಣಕೈಯಿಂದ ತಿವಿದಿದ್ದಳು.

ತಿವಿಯದೆ ಏನು ಮಾಡಿಯಾಳು? ಮಗಳು ವಿನುತಾಳನ್ನು ಕೊಡಬೇಕೆಂದಿರುವ ಮನೆ ನೋಡಲು ಇಬ್ಬರೂ ಶನಿವಾರಸಂತೆ ಊರಿಗೆ ಬಂದಿದ್ದರು. ಕುಡಿಯುವವರ ಮನೆಯ ಹೆಣ್ಣು ಬೇಡವೇ ಬೇಡ ಎಂದು ಹುಡುಗನ ತಾಯಿ ಚನ್ನಬಸಮ್ಮ ಫೋನಿನಲ್ಲೇ ಹೇಳಿಬಿಟ್ಟಿದ್ದರು. ಸಿದ್ದಣ್ಣನೋ ಜನ್ಮದಲ್ಲಿ ಬಿಯರ್ ಬಾಟಲಿಯ ಮುಚ್ಚಳವನ್ನೂ ಮೂಸಿದವನಲ್ಲ. ಕುಡಿದದ್ದೆಲ್ಲ ದಿನಕ್ಕೆ ಏಳು ಲೋಟ ಸಕ್ಕರೆ ಕಾಫಿ. ಆದರೂ ಮಡಿಕೇರಿಯ ಡಾಕ್ಟರು ಸ್ಕ್ಯಾನಿಂಗ್ ನೋಡಿ, "ಫ್ಯಾಟಿ ಲಿವರ್, ಎರಡನೇ ಗ್ರೇಡು. ಸಿಹಿ ಬಿಡಿ, ತುಪ್ಪ ಬಿಡಿ, ದಿನಾ ನಡೀರಿ" ಎಂದಿದ್ದರು. ಈ ಜಿಲ್ಲೆಯಲ್ಲಿ ಲಿವರ್ ಕೆಟ್ಟಿದೆ ಎಂದರೆ ಯಾಕೆ ಎಂದು ಕೇಳುವವರುಂಟೇ? ನಾಲ್ಕು ತಿಂಗಳು ನಡೆದೂ ನಡೆದೂ ಒಂಬತ್ತು ಕೆ.ಜಿ. ಇಳಿಸಿದ್ದರ ಕಾರಣವನ್ನು ಗಂಡ ಹೆಂಡತಿ ಕದ್ದ ಮಾಲಿನಂತೆ ಬಚ್ಚಿಟ್ಟಿದ್ದರು.

"ಫೋಟೋದಲ್ಲಿ ಗುಂಡುಗುಂಡಾಗಿದ್ರಿ, ಈಗ್ಯಾಕೆ ಹಿಂಗೆ ಇಳಿದೋಗಿದೀರಾ?" ಚನ್ನಬಸಮ್ಮ ಒಬ್ಬಟ್ಟು ಹಿಡಿದುಕೊಂಡೇ ಕೇಳಿದರು. "ಡಾಕ್ಟ್ರು ಏನಂದ್ರು?"

ಸಿದ್ದಣ್ಣ ಅಡ್ಡ ಹಿಡಿದ ಅಂಗೈಯನ್ನು ಹಿಂದಕ್ಕೆಳೆದುಕೊಂಡ. "ಏನಿಲ್ಲ ಕಣಮ್ಮ, ಕಾಫಿ ಕುಯ್ಲು, ಓಡಾಟ ಜಾಸ್ತಿ. ಚೆನ್ನಾಗಿ ತಿನ್ನಿ ಅಂದ್ರು. ಹಾಕಿ, ಹಾಕಿ."

ಹಾಕಿದರು. ಒಂದಲ್ಲ, ಎರಡು. ಮೇಲೆ ಸೌಟಿನ ತುಂಬ ತುಪ್ಪ. ನಾಲ್ಕು ತಿಂಗಳ ನಡಿಗೆಯೆಲ್ಲ ಆ ತುಪ್ಪದಲ್ಲಿ ಮುಳುಗುವುದನ್ನು ನೋಡುತ್ತ ಸಿದ್ದಣ್ಣ ತಿಂದ. ಒಬ್ಬಟ್ಟು ಬಲು ರುಚಿಯಾಗಿತ್ತು ಎಂಬುದು ಇನ್ನೊಂದು ಸಂಕಟ. ಎದುರಿಗೆ ಕೂತ ಮನೆಯ ಯಜಮಾನ ಶಶಿಧರ ಅವರೂ ಸರಿಸಮ ತಿನ್ನುತ್ತಿದ್ದರು.

"ಹಿಂಗೆ ತಿನ್ನೋರು ಕುಡಿಯೋರಲ್ಲ ಬಿಡಿ. ನಮ್ಮೋರೂ ಹಂಗೇ, ಆರು ಹಾಕಿದ್ರೂ ಬೇಡ ಅನ್ನಲ್ಲ," ಎಂದರು ಚನ್ನಬಸಮ್ಮ, ಮುಖ ಅರಳಿಸಿ. "ಬರೋ ಸೋಮವಾರಾನೇ ಲಗ್ನ ಕಟ್ಟಿಸೋಣ."

ಕಾಂತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಿದ್ದಣ್ಣ ಕೈತೊಳೆಯಲು ಹಿತ್ತಿಲಿಗೆ ಹೋದ. ಹಿಂದೆಯೇ ಬಂದ ಶಶಿಧರ ಅಡುಗೆಮನೆಯ ಕಿಟಕಿಯತ್ತ ಒಮ್ಮೆ ನೋಡಿ, ನಲ್ಲಿಯನ್ನು ಜೋರಾಗಿ ತಿರುಗಿಸಿ, ಅವನ ಕಿವಿಯ ಬಳಿ ಬಗ್ಗಿದರು.

"ಬೀಗ್ರೇ, ನಂದು ಮೂರನೇ ಗ್ರೇಡು. ನಿಮ್ದೆಷ್ಟು?"