ಪೆನ್ಸಿಲ್ ಗೆರೆಯ ಮೇಲೆ

ಸೋಮನಾಥ ಪೊಟ್ಟಣವನ್ನು ಚೀಲದ ತಳಕ್ಕೆ ಒತ್ತಿ, ಅದರ ಮೇಲೆ ಅಕ್ರಿಲಿಕ್ ಹಾಳೆಯ ತುಂಡುಗಳನ್ನು ಹೊಂದಿಸಿಟ್ಟ. ಒಳಗಿದ್ದದ್ದು ದೊಡ್ಡವರ ಡೈಪರ್. ಮೇಲೆ ನಗುತ್ತಿರುವ ಮುದುಕನೊಬ್ಬನ ಚಿತ್ರವಿತ್ತು. ಔಷಧದಂಗಡಿಯಿಂದ ಸಯನ್‌ನ ತನ್ನ ಬಿಲ್ಡಿಂಗ್‌ವರೆಗೆ ಅವನು ಯಾರ ಮುಖವನ್ನೂ ನೋಡದೆ ನಡೆದ.

ಬಾಗಿಲು ತೆರೆದ ಹೆಂಡತಿ ರಾಧಿಕಾ ಚೀಲ ನೋಡಿ ಹಣೆ ಚಚ್ಚಿಕೊಂಡಳು.

“ಮತ್ತ ಪ್ಲಾಸ್ಟಿಕ್ ತಂದ್ರಿ? ಒಂದು ಡಬ್ಬಿ ಸೋರೂದು ಸಾಕಾಗಿಲ್ಲೇನು?”

“ರಿಪೇರಿ ಮಾಡ್ತೀನಿ,” ಎಂದ.

ಸುಳ್ಳು. ಡಬ್ಬಿ ಸೋರುತ್ತಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಾಲ್‌ನಲ್ಲಿದ್ದ ಅಕ್ವೇರಿಯಂ ಕೆಳಗಿನ ಫಿಲ್ಟರ್ ಡಬ್ಬಿಯನ್ನು ಅವನೇ ಮಾಡಿದ್ದ. ಮೇಲಿನ ಗಾಜಿನ ತೊಟ್ಟಿಯ ನೀರು ಕೊಳವೆಯಿಂದ ಅದಕ್ಕಿಳಿದು ಸೋಸಿದ ಮೇಲೆ, ಪಂಪು ಅದನ್ನು ಮತ್ತೆ ಮೇಲಕ್ಕೆತ್ತುತ್ತಿತ್ತು. ಹಾಳೆಗೆ ಬ್ಲೇಡಿನಿಂದ ಗೀರು ಹಾಕಿ, ಮೇಜಿನ ಅಂಚಿಗಿಟ್ಟು ಮುರಿದು, ಅಂಚುಗಳನ್ನು ಮರಳುಕಾಗದದಿಂದ ಉಜ್ಜಿದ್ದ. ಎರಡು ತುಂಡು ಜೋಡಿಸಿ ಹಿಡಿದು ಸಿರಿಂಜಿನಿಂದ ದ್ರಾವಕ ಬಿಟ್ಟರೆ, ಅದು ಸಂದಿನೊಳಗೆ ತಾನೇ ಓಡಿ, ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸುತ್ತದೆ. ಸಂದಿನಲ್ಲಿ ಗುಳ್ಳೆ ಉಳಿಯಬಾರದು. ಮೇಲಂಚಿನ ಹತ್ತಿರದ ಒಂದೆರಡನ್ನು ಬಿಟ್ಟರೆ ಅವನ ಡಬ್ಬಿ ಗಾಜಿನಷ್ಟು ಸ್ವಚ್ಛವಾಗಿತ್ತು. ನೀರು ಎಲ್ಲಿಯವರೆಗೆ ನಿಲ್ಲಬೇಕೋ ಅಲ್ಲಿಗೊಂದು ಪೆನ್ಸಿಲ್ ಗೆರೆ ಎಳೆದು, ಗೆರೆಯವರೆಗೆ ತುಂಬಿಸಿ, ಒಂದು ಭಾನುವಾರವಿಡೀ ಬಚ್ಚಲಲ್ಲಿಟ್ಟು ನೋಡಿದ್ದ. ಕೆಳಗೆ ಹಾಸಿದ್ದ ಪೇಪರ್ ಗರಿಗರಿಯಾಗಿಯೇ ಇತ್ತು.

ಅಪ್ಪ ಶೆಟ್ಟೆಪ್ಪ ಕಣ್ಣಿನ ಆಪರೇಶನ್‌ಗೆಂದು ವಿಜಯಪುರದಿಂದ ಬಂದಿದ್ದರು. ಹೈಸ್ಕೂಲಿನ ಡ್ರಿಲ್ ಮಾಸ್ತರರಾಗಿದ್ದವರು. ಈಗಲೂ ಬೆನ್ನು ಬಾಗಿರಲಿಲ್ಲ. ಅಕ್ವೇರಿಯಂ ಪಕ್ಕದಲ್ಲೇ ಅವರ ಹಾಸಿಗೆ. ಅದುವರೆಗೆ ಹಗಲು ರಾತ್ರಿ ಓಡುತ್ತಿದ್ದ ಪಂಪನ್ನು, ಅವರ ನಿದ್ದೆ ಕೆಡಬಾರದೆಂದು ಸೋಮನಾಥ ಮಲಗುವ ಮುನ್ನ ಆರಿಸತೊಡಗಿದ. ಬೆಳಗ್ಗೆ ಮತ್ತೆ ಹಾಕಿ, ಸೆಕೆಗೆ ಆರಿದಷ್ಟು ನೀರನ್ನು ಗೆರೆಯವರೆಗೆ ತುಂಬಿಸುತ್ತಿದ್ದ.

ಅಪ್ಪ ಬಂದ ಮರುದಿನವೇ ಅದು ಶುರುವಾಯಿತು. ಮನೆಯವರು ಏಳುವ ಹೊತ್ತಿಗೆ ಅವರ ಚಾದರ ಒಗೆದು ಕಿಟಕಿಯ ಸರಳಿಗೆ ಹರವಿರುತ್ತಿತ್ತು. ನೆಲ ಒರೆಸಿರುತ್ತಿತ್ತು. ಸೋಮನಾಥ ಏನೂ ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ.

ಒಂದು ಬೆಳಗ್ಗೆ ಹಾಸಿಗೆಯ ಅಂಚು, ಅಕ್ವೇರಿಯಂ ಕಡೆಯದು, ರಾಧಿಕಾಳ ಪಾದಕ್ಕೆ ಒದ್ದೆಯಾಗಿ ತಣ್ಣಗೆ ತಾಗಿತು. ಅವಳು ಬಗ್ಗಿ ಮುಟ್ಟಿ ನೋಡಿ, ತಲೆಯೆತ್ತಿ ಮಾವನನ್ನು ನೋಡಿದಳು.

“ನನ್ನ ಡಬ್ಬಿ ಸೋರಾಕತ್ತದ,” ಎಂದು ಸೋಮನಾಥ ಅಡ್ಡ ಬಂದ.

ಅಪ್ಪನ ಮುಖ ಕೆಂಪೇರಿತು. “ಏ, ಸೋರೂದಿಲ್ಲ ಅದು! ನನ್ನ ಮಗ ಮಾಡಿದ್ದು ಸೋರತದೇನು? ತಂಬಿಗಿ ಉರುಳಿತವ್ವ. ನಂದ ತಪ್ಪ.”

ತಂಬಿಗೆ ಅಡುಗೆಮನೆಯ ಕಟ್ಟೆಯ ಮೇಲೆ ಬೋರಲಾಗಿತ್ತು. ಮೂವರಿಗೂ ಅದು ಕಾಣುತ್ತಿತ್ತು.

ಸೋಮನಾಥ ತನ್ನ ಸುಳ್ಳನ್ನು ಬಿಡಲಿಲ್ಲ. ಬಂದವರೆಲ್ಲರ ಎದುರು ಡಬ್ಬಿಯನ್ನು ತಾನೇ ಹಳಿದ. ಕೆಳಗಿನ ಮನೆಯ ಗೌಹರ ಮೆಟ್ಟಿಲಲ್ಲಿ ಅಡ್ಡಗಟ್ಟಿ ಕೇಳಿದಳು: “ಕ್ಯಾ ಭಾಯ್, ನಮ್ಮ ಸೀಲಿಂಗಿನಾಗಿಂದ ಮೀನ ಯಾವಾಗ ಇಳೀತಾವ? ಮಸಾಲಾ ಅರದು ಕುಂತೀನಿ.” ಅವನು ನಕ್ಕ. ಆ ನಗೆಪಾಟಲನ್ನು ಹೇಗೋ ನುಂಗಬಹುದಿತ್ತು. ಒಗೆದ ಚಾದರ ಕಂಡಾಗಲೆಲ್ಲ ಅಪ್ಪನ ಬಗ್ಗೆ ಆಗುವ ನಾಚಿಕೆಯನ್ನು, ಹಾಗೆ ನಾಚಿಕೊಂಡೆನಲ್ಲ ಎಂಬ ನಾಚಿಕೆಯನ್ನು ನುಂಗುವುದು ಕಷ್ಟವಾಗಿತ್ತು. ಅದಕ್ಕೇ ಇವತ್ತು ಔಷಧದಂಗಡಿಗೆ ಹೋಗಿದ್ದ.

ರಾಧಿಕಾ ಒಳಗೆ ಹೋದದ್ದು ನೋಡಿ ಪೊಟ್ಟಣವನ್ನು ಅಪ್ಪನ ಮುಂದಿಟ್ಟ.

“ರಾತ್ರಿ ಹೊತ್ತಿಗೆ... ಈಗ ಎಲ್ಲಾರೂ ಹಾಕ್ಕೋತಾರಪ್ಪ,” ಎಂದ, ಮೀನುಗಳನ್ನು ನೋಡುತ್ತ.

ಶೆಟ್ಟೆಪ್ಪ ಅದನ್ನು ಮಂದವಾದ ಕಣ್ಣುಗಳ ಹತ್ತಿರ ಹಿಡಿದರು. ಬೆರಳು ನಗುವ ಮುದುಕನ ಮೇಲೆ ಸರಿದು, ನಿಂತಿತು. ಬಾಯಿ ತೆರೆದರು. ಮಗನ ಮುಖ ನೋಡಿದರು. ಮುಚ್ಚಿದರು.

“ಆತಪಾ.”

ಪೊಟ್ಟಣ ಟ್ರಂಕಿನ ತಳಕ್ಕೆ ಹೋಯಿತು. ಟ್ರಂಕಿನ ಚಿಲಕ ಹಾಕುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದರು: “ಡಬ್ಬಿ ಮಾತ್ರ ಬಿಚ್ಚಬ್ಯಾಡ. ಛಲೋ ಮಾಡೀ.”

ಮರುದಿನವೇ ಹೊರಟು ನಿಂತರು. “ಕಣ್ಣು ಊರಾಗೂ ಮಾಡ್ತಾರ,” ಎಂದರು. ರಾಧಿಕಾ ಎಷ್ಟು ತಡೆದರೂ ಕೇಳಲಿಲ್ಲ. ಸೋಮನಾಥ ತಡೆಯಲಿಲ್ಲ. ದಾದರ್‌ನಲ್ಲಿ ಅವರನ್ನು ಊರಿನ ರೈಲುಗಾಡಿ ಹತ್ತಿಸುವಾಗ ಎದೆಯಲ್ಲಿ ಏನೋ ಹಗುರವಾಯಿತು. ಹಗುರವಾದದ್ದು ಗೊತ್ತಾಗಿ ಅವನ ತಲೆ ತಗ್ಗಿತು.

ಗಾಡಿ ಅಲುಗಿತು. ಅಪ್ಪ ಕಿಟಕಿಯ ಸರಳಿಗೆ ಮುಖ ತಂದರು.

“ಪಂಪು ಇನ್ನ ರಾತ್ರಿನೂ ಚಾಲೂ ಇಡಪಾ. ನನ್ನ ನಿದ್ದಿ ಕೆಡ್ತದಂತ ಆರಸಬ್ಯಾಡ. ನಾ ಇರೂದಿಲ್ಲಲಾ.”

ಅವನು ತಲೆಯಾಡಿಸಿದ. ಆದರೂ ಅಂದು ಮಲಗುವ ಮುನ್ನ, ರೂಢಿಯಂತೆ, ಕೈ ತಾನಾಗಿಯೇ ಸ್ವಿಚ್ ಆರಿಸಿತು.

ಬೆಳಗ್ಗೆ ಹಾಸಿಗೆಯಿಲ್ಲದ ಹಾಲ್‌ನಲ್ಲಿ ಅವನ ಕಾಲು ನೀರಿಗೆ ಬಿತ್ತು. ಮಂಡಿಯೂರಿ ನೋಡಿದ. ಪಂಪು ನಿಂತಾಗ ಮೇಲಿನ ತೊಟ್ಟಿಯಿಂದ ಇಳಿದ ನೀರು ಡಬ್ಬಿಯಲ್ಲಿ ಪೆನ್ಸಿಲ್ ಗೆರೆ ದಾಟಿ, ಮೇಲಂಚಿನ ಆ ಗುಳ್ಳೆಗಳವರೆಗೆ ಏರಿತ್ತು. ಅಲ್ಲಿಂದ ಹನಿ ಹನಿಯಾಗಿ ಇಳಿದು, ಅಪ್ಪ ಮಲಗುತ್ತಿದ್ದ ಜಾಗದತ್ತ ಹರಿದಿತ್ತು.

ಅದನ್ನು ಯಾರೂ ಏಳುವ ಮುಂಚೆ ಒರೆಸಿ ಹಿಂಡಲು ಇಂದು ಅಲ್ಲಿ ಅಪ್ಪನ ಚಾದರವಿರಲಿಲ್ಲ.