ಹತ್ತು ಬೀಜ

ಗುಂಡಯ್ಯ ಸುಳ್ಳು ಹೇಳುತ್ತಿದ್ದಾನೆ ಎಂದು ನರ್ಸ್ ಸೌಜನ್ಯಳಿಗೆ ಮೂರನೆಯ ಭೇಟಿಯಲ್ಲೇ ಅನ್ನಿಸಿತ್ತು.

ತೊಂಬತ್ತೆಂಟನೆಯ ಇಸವಿ. ಹೊಟ್ಟೆನೋವಿನ ಹೊಸ ಮಾತ್ರೆಯೊಂದರ ಪರೀಕ್ಷೆ ನಡೆದಿತ್ತು. ಮಾರನಹಳ್ಳಿ ಮೇಲಿನ ಕಾಫಿ ಎಸ್ಟೇಟಿನ ಕೂಲಿ ಲೈನಿನ ಮನೆಗಳಲ್ಲಿ ಅಕ್ಷರ ಬಲ್ಲವರು ಕಡಿಮೆ. ಅದಕ್ಕೇ ಡಾಕ್ಟರ್ ದೇವೇಂದ್ರ ನೋವು ಅಳೆಯಲು ಹತ್ತು ಕಾಫಿ ಬೀಜ ಕೊಟ್ಟಿದ್ದರು. ಎಷ್ಟು ನೋವೋ ಅಷ್ಟು ಬೀಜವನ್ನು ರೋಗಿ ತಟ್ಟೆಗೆ ಹಾಕಬೇಕು. ಮೊದಲಿಗಿಂತ ಹೆಚ್ಚಾದರೆ ಜೀಪು ಬಂದು ಹಾಸನದ ಆಸ್ಪತ್ರೆಗೆ ಒಯ್ಯುತ್ತದೆ.

ಮೊದಲ ದಿನ ಅವಳು ‘ನೋವು’ ಎಂದು ಬಾಯಿ ತೆರೆಯುತ್ತಲೇ ಗುಂಡಯ್ಯನ ಹೆಂಡತಿ ರಾಮಮ್ಮ ತಡೆದಿದ್ದಳು.

“ಅದ್ರ ಹೆಸ್ರು ಎತ್ಬೇಡಿ ನರ್ಸಮ್ಮ. ಕರ್ದಂಗಾಯ್ತದೆ.”

ಹಾವನ್ನೂ ಹುಳ ಎನ್ನುವ ಜನ. ಸೌಜನ್ಯ ಹೆಸರೆತ್ತದೆ ಕೇಳಿದಳು: “ಹತ್ತು ಅಂದ್ರೆ ತುಂಬಾ. ಇವತ್ತು ಮೈಯಲ್ಲಿ ಎಷ್ಟಿದೆ?”

ಗುಂಡಯ್ಯ ಏಳು ಹಾಕಿದ. ಹದಿನೈದು ದಿನಕ್ಕೆ ಐದು. ಆಮೇಲೆ ಮೂರು.

ಬೀಜ ಇಳಿದಂತೆ ಅವನ ಕೆನ್ನೆಯೂ ಇಳಿಯುತ್ತಿತ್ತು. ಆಸ್ಪತ್ರೆಗೆ ಹೆದರಿ ಕಡಿಮೆ ಹಾಕುತ್ತಿದ್ದಾನೆ ಎಂದು ಅವಳು ಡಾಕ್ಟರಿಗೆ ಹೇಳಿದಳು.

“ನಿಮ್ಮ ಕಣ್ಣಿಗೆ ಕಂಡಿದ್ದು ಬೇಡ,” ಎಂದರು ಅವರು. “ಅವನು ಹಾಕಿದ್ದನ್ನ ಬರೀರಿ.”

ನಾಲ್ಕನೆಯ ಸಲ ಗುಂಡಯ್ಯನಿಗೆ ಚಾಪೆಯಿಂದ ಏಳಲಾಗಲಿಲ್ಲ. ಬಹಳ ಹೊತ್ತು ಬೀಜಗಳನ್ನು ಬೆರಳಲ್ಲಿ ಸವರಿ, ಒಂದೇ ಒಂದನ್ನು ತಟ್ಟೆಗಿಟ್ಟು ಅವಳ ಮುಖ ನೋಡಿದ.

“ಕಮ್ಮಿ ಆಗ್ಬುಡ್ತು ನರ್ಸಮ್ಮ,” ಎಂದಳು ರಾಮಮ್ಮ. ದನಿ ನಡುಗಿತು. ಸಂತೋಷಕ್ಕಿರಬೇಕು.

ಒಂದು ಎಂದರೆ ಇಡೀ ಪರೀಕ್ಷೆಯಲ್ಲೇ ಒಳ್ಳೆಯ ಫಲಿತಾಂಶ. ಸೌಜನ್ಯ ಅನುಮಾನ ನುಂಗಿಕೊಂಡು ನಕ್ಕಳು, ಬರೆದುಕೊಂಡಳು. ಗುಡ್ಡ ಇಳಿಯುವಾಗ ಚೀಲದೊಳಗೆ ಬೀಜಗಳು ಯಾರೋ ಎಣಿಸುತ್ತಿರುವಂತೆ ಸದ್ದು ಮಾಡಿದವು. ಅವಳು ಎರಡು ಸಲ ತಿರುಗಿ ನೋಡಿದಳು.

ಐದನೆಯ ಸಲ ಬಾಗಿಲಲ್ಲಿ ರಾಮಮ್ಮ ಒಬ್ಬಳೇ ಇದ್ದಳು. ಹಣೆ ಬರಿದಾಗಿತ್ತು. ಉಳಿದ ಮಾತ್ರೆಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು.

ಸೌಜನ್ಯಳಿಗೆ ಅಳು ಒತ್ತರಿಸಿ ಬಂತು. “ಅಷ್ಟು ನೋವಿಟ್ಕೊಂಡು ನನ್ನ ಹತ್ರ ಯಾಕೆ ಸುಳ್ಳು ಹೇಳಿದ್ರು ರಾಮಮ್ಮ?”

“ಸುಳ್ಳಾ?” ರಾಮಮ್ಮ ಅವಳನ್ನೇ ದಿಟ್ಟಿಸಿದಳು. “ಅದ್ರ ಮಾತು ಬುಟ್ಟು, ಮೈಯಲ್ಲಿ ತ್ರಾಣ ಎಷ್ಟೈತೆ ಅಂತ ತಾನೆ ನೀವು ಕೇಳ್ತಿದ್ದಿದ್ದು? ಒಂದೇ ಬೀಜದಷ್ಟು ಉಳಿದೈತೆ ಅಂತ ಅವ್ರು ತೋರ್ಸಿದ್ರೆ, ನೀವು ನಕ್ಬುಟ್ರಿ.”