ಸೀಲ್ ಇಲ್ಲದ ಕೋರ್

ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದದ್ದೇ ಅವಳಿಗೆ ಅನುಮಾನ ಹುಟ್ಟಿಸಿತು. ಕಂಪ್ಯೂಟರ್ ಚಿಪ್ಪಿಗೂ ಹಾರ್ಡ್ ಡಿಸ್ಕಿಗೂ ನಡುವೆ ಮಾತು ಸಾಗಿಸುವ ಕಂಟ್ರೋಲರ್ ಕೋರ್ ಅದು, ಚಿಪ್ಪಿನ ಡಿಸೈನಿನೊಳಗೆ ಸೇರಿಸುವ ಒಂದು ಸಿದ್ಧ ಭಾಗ. ಯಾರೋ ಪುಣ್ಯಾತ್ಮ ಬರೆದು, ಯಾರು ಬೇಕಾದರೂ ಓದಲಿ, ತಿದ್ದಲಿ, ತಮ್ಮ ಚಿಪ್ಪಿನೊಳಗೆ ಕೂರಿಸಿಕೊಳ್ಳಲಿ ಎಂದು ಓಪನ್ ಸೋರ್ಸ್ ಮಾಡಿಬಿಟ್ಟಿದ್ದ. ಮೊದಲ ಸಲಕ್ಕೇ ಒಂದೂ ತಪ್ಪಿಲ್ಲದೆ ಪಾಸಾದ ವಸ್ತುವನ್ನು ಚಿಪ್ಪು ಪರೀಕ್ಷಿಸುವ ಈ ಕಸುಬಿನ ಹನ್ನೆರಡು ವರ್ಷಗಳಲ್ಲಿ ಅವಳು ಕಂಡಿರಲಿಲ್ಲ. ಆಫೀಸಿನಲ್ಲಿ ಅವಳಿಗೆ ‘ತಕರಾರು’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ, ಒಳಹೊಕ್ಕು ನೋಡಿದಳು. ಕೋರ್ ಬರೆದವನೇ ಅದನ್ನು ಪರೀಕ್ಷಿಸಲು ಡಿಸ್ಕಿನಂತೆ ನಟಿಸುವ ಪ್ರೋಗ್ರಾಮನ್ನೂ ಬರೆದಿದ್ದ. ಡಿಸ್ಕು ‘ಸಿಕ್ಕಿತು’ ಎಂದರೆ ‘ಬರೆದಾಯಿತು’ ಎಂದೇ ಅರ್ಥವೆಂದು ಎರಡೂ ಕಡೆ ನಂಬಿಕೊಂಡಿದ್ದ. ಪ್ರಶ್ನೆಪತ್ರಿಕೆ ತೆಗೆದವನೇ ಉತ್ತರವನ್ನೂ ಬರೆದರೆ ಫೇಲಾಗುವವರು ಯಾರು?

ಪ್ರಯೋಗದ ಬೋರ್ಡಿಗೆ ಕೋರನ್ನು ಇಳಿಸಿ, ನಿಜವಾದ ಡಿಸ್ಕೊಂದನ್ನು ಜೋಡಿಸಿ, ಒಂದು ಚಿತ್ರವನ್ನು ಅದಕ್ಕೆ ಕಳಿಸಿ, ಕೋರ್ ‘ಎಲ್ಲ ಬರೆದಾಯಿತು’ ಎಂದ ಕೂಡಲೇ ಕರೆಂಟಿನ ವೈರು ಕಿತ್ತಳು. ಮತ್ತೆ ಚುಚ್ಚಿ ನೋಡಿದರೆ ಡಿಸ್ಕಿನಲ್ಲಿ ಅರ್ಧ ಚಿತ್ರ. ಈ ಚಿಪ್ಪು ಹೋಗಬೇಕಾದದ್ದು ಆಸ್ಪತ್ರೆಗಳ ಎಕ್ಸ್‌ರೇ ಚಿತ್ರಗಳನ್ನು ಕೂಡಿಡುವ ಪೆಟ್ಟಿಗೆಯೊಳಗೆ. ‘ನಿಜವಾಗಿ ಬರೆದೆಯಾ?’ ಎಂದು ಡಿಸ್ಕನ್ನು ಇನ್ನೊಮ್ಮೆ ಕೇಳುವ ಹನ್ನೊಂದು ಸಾಲು ಸೇರಿಸಿದಳು. ಆಮೇಲೆ ಇನ್ನೂರು ಸಲ ವೈರು ಕಿತ್ತಳು. ಒಂದು ಚಿತ್ರವೂ ಕೆಡಲಿಲ್ಲ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಸುಖವಾಗಿರಬಹುದಿತ್ತು. ಅವಳು ಎಲ್ಲವನ್ನೂ ವರದಿಯಲ್ಲಿ ಬರೆದು ಕಂಪನಿಯ ಯಜಮಾನರ ಮೇಜಿನ ಮೇಲಿಟ್ಟಳು.

ಯಜಮಾನರು ಅವಳ ಅಕ್ಕನ ಗಂಡ. ಮನೆಯಲ್ಲಿ ಭಾವ, ಆಫೀಸಿನಲ್ಲಿ ಸರ್. ಯಾವ ವರದಿಯಾದರೂ ಮೊದಲ ಪುಟ ಮಾತ್ರ ಓದುವುದು ಅವರ ಪದ್ಧತಿ. ಮೊದಲ ಪುಟದಲ್ಲಿದ್ದದ್ದು ತಪ್ಪಿನ ವಿವರ. ಮಾರನೆಯ ಬೆಳಿಗ್ಗೆ ಮೀಟಿಂಗ್ ಕೋಣೆಗೆ ಕಾಲಿಟ್ಟರೆ, ಬೇರೊಂದು ಕಂಪನಿಯ ಮಾರಾಟದವನು ಹೊಳೆಯುವ ಫೈಲು ಹಿಡಿದು ಕೂತಿದ್ದ.

“ನಮ್ಮ ಕೋರ್‌ನಲ್ಲಿ ಇಂಥ ತಪ್ಪೆಲ್ಲ ಇರೋದೇ ಇಲ್ಲ, ಮೇಡಂ.”

“ನೋಡಿದ್ದೀರಾ?”

“ಅಯ್ಯೋ, ನಾನ್ಯಾಕೆ ನೋಡ್ಲಿ? ನಾನು ಸೇಲ್ಸು.”

“ಹಾಗಾದ್ರೆ ಕೊಡಿ, ನಾನು ನೋಡ್ತೀನಿ.”

“ಅದು ಸೀಲ್ ಆಗಿರುತ್ತೆ. ಒಳಗೇನಿದೆ ಅಂತ ತಗೊಂಡವರಿಗೂ ಕಾಣಲ್ಲ. ಸೇಫ್ಟಿ, ಮೇಡಂ.”

“ಯಾರಿಂದ?”

ಆತ ಭಾವನ ಮುಖ ನೋಡಿ ಹಲ್ಲುಬಿಟ್ಟ. “ಟೆಸ್ಟ್ ಬೇಕಾದ್ರೆ ಧಾರಾಳವಾಗಿ ಮಾಡಿ. ವೈರ್ ಕೀಳಿ, ಸುತ್ತಿಗೇಲಿ ಕುಟ್ಟಿ. ಆದ್ರೆ ಏನು ಬಂತು ಅಂತ ಯಾರಿಗೂ ಹೇಳಲ್ಲ ಅಂತ ಮೊದಲೇ ಸೈನ್ ಹಾಕ್ಬೇಕು.”

“ನಮ್ಮ ಸರ್‌ಗೂ ಹೇಳಬಾರದಾ?”

“ಸರ್‌ಗೆ ಬೇರೆ ಫಾರಂ ಇದೆ.”

ಭಾವ ಗಂಟಲು ಸರಿಮಾಡಿಕೊಂಡರು. “ನೋಡಮ್ಮಾ, ಶುಕ್ರವಾರ ಡಿಸೈನು ಫ್ಯಾಕ್ಟರಿಗೆ ಹೋಗುತ್ತೆ. ಆಮೇಲೆ ಒಂದು ಚುಕ್ಕೇನೂ ಅಳಿಸೋಕಾಗಲ್ಲ. ನಿನ್ನದರಲ್ಲಿ ತಪ್ಪಿದೆ ಅಂತ ನೀನೇ ಬರೆದಿದ್ದೀಯ. ಇವರದ್ರಲ್ಲಿ ಇಲ್ಲ.”

“ಇವರದ್ರಲ್ಲಿ ಕಾಣಲ್ಲ, ಸರ್. ನನ್ನದರಲ್ಲಿ ಕಾಣಿಸ್ತು, ತಿದ್ದಿದೆ. ಎರಡನೇ ಪುಟದಲ್ಲಿದೆ.”

“ಪುಟ ಹಾಗಿರ್ಲಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಬೈಯೋಕೆ ಒಬ್ಬರು ಬೇಕಲ್ಲ? ಕೋರ್ ಬರೆದ ನಿನ್ನ ಆ ಪುಣ್ಯಾತ್ಮನ್ನ ಎಲ್ಲಿ ಅಂತ ಹುಡುಕ್ಲಿ?”

“ನನ್ನ ಬೈಯಿರಿ.”

“ನಿನ್ನ ಬೈದ್ರೆ ನಿಮ್ಮಕ್ಕ ನನಗೆ ಊಟ ಹಾಕಲ್ಲ!”

ಮಾರಾಟದವನು ಜೋರಾಗಿ ನಕ್ಕ. ನಕ್ಕದ್ದು ತಾನೊಬ್ಬನೇ ಎಂದು ತಿಳಿದ ಮೇಲೆ ಫೈಲಿನ ಅಂಚು ಒರೆಸತೊಡಗಿದ.

ಭಾವ ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಚಿಪ್ಪಿನ ಹದಿನಾಲ್ಕು ಭಾಗಗಳ ಪಟ್ಟಿ ಅದು. ಪ್ರತಿ ಭಾಗದ ಮುಂದೆ ‘ಹೊಣೆ’ ಎಂದೊಂದು ಖಾನೆ. ಹೊರಗಿನಿಂದ ತಂದ ಭಾಗಕ್ಕೆ ಆಯಾ ಕಂಪನಿಯ ಮೊಹರು ಬೀಳುವುದು ವಾಡಿಕೆ. ಹದಿಮೂರು ಭಾಗಗಳು ಹೊರಗಿನವೇ, ಮೊಹರು ಬಿದ್ದಾಗಿತ್ತು. ಡಿಸ್ಕ್ ಕಂಟ್ರೋಲರಿನ ಸಾಲೊಂದು ಮಾತ್ರ ಖಾಲಿ.

“ಸರಿ, ನಿನ್ನ ಹಟವೇ ಗೆಲ್ಲಲಿ, ಸೈನ್ ಹಾಕು. ಆದ್ರೆ ಇದು ಕೆಟ್ಟರೆ ನಿನ್ನ ಕೆಲಸ ಹೋಯ್ತು ಅಂತ್ಲೇ ತಿಳ್ಕೋ. ಆವಾಗ ನೀನು ನಾದಿನಿ ಅಲ್ಲ, ನಾನು ಭಾವ ಅಲ್ಲ. ಅಕ್ಕನ ಹತ್ರ ಅತ್ಕೊಂಡು ಹೋಗಬಾರ್ದು.” ಅವಳು ಮುಟ್ಟಲಾರಳೆಂಬ ಧೈರ್ಯದಲ್ಲೇ ಪೆನ್ನು ಮುಂದೆ ಚಾಚಿದರು.

ಇನ್ನೂರ ಒಂದನೆಯ ಸಲ ವೈರು ಕಿತ್ತರೆ ಏನಾಗುವುದೋ ಅವಳಿಗೂ ಗೊತ್ತಿರಲಿಲ್ಲ. ಪೆನ್ನು ತೆಗೆದುಕೊಂಡವಳು ಹಾಳೆಯನ್ನು ಮೊದಲು ಮಾರಾಟದವನ ಕಡೆ ತಿರುಗಿಸಿದಳು.

“ನೀವು ಹಾಕ್ತೀರಾ? ಮೊಹರಲ್ಲ. ನಿಮ್ಮ ಹೆಸರು.”

“ನಮ್ಮಲ್ಲಿ ಹೆಸರು ಹಾಕೋ ಪದ್ಧತಿ ಇಲ್ಲ, ಮೇಡಂ,” ಎಂದು ಆತ ಕರೆಯೇ ಬಾರದ ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ನಡೆದ.

ಅವಳು ಹಾಳೆಯನ್ನು ತನ್ನತ್ತ ಎಳೆದುಕೊಂಡು ಬರೆದಳು. ಗೀಚಿದ ಸಹಿಯಲ್ಲ, ಯಾರು ಬೇಕಾದರೂ ಓದಬಹುದಾದ ದುಂಡಕ್ಷರದಲ್ಲಿ ಪೂರ್ತಿ ಹೆಸರು. ಬರೆದ ಮೇಲೂ ಹಾಳೆ ವಾಪಸು ಕೊಡಲಿಲ್ಲ. ಬೆರಳನ್ನು ನಿಧಾನವಾಗಿ ಮೇಲಿನಿಂದ ಕೆಳಗೆ, ಒಂದೊಂದೇ ಮೊಹರಿನ ಮೇಲೆ ಹಾಯಿಸಿದಳು.

“ಭಾವ,” ಎಂದಳು. ಆಫೀಸಿನಲ್ಲಿ ಹಾಗೆ ಕರೆದದ್ದು ಅದೇ ಮೊದಲು. “ಈ ಹದಿಮೂರರೊಳಗೆ ಏನಿದೆ ಅಂತ ನಿಮಗೇನಾದ್ರೂ ಗೊತ್ತಾ?”

ಭಾವ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು, ಮಗುಚಿ ಹಾಕಿ, ಅದರ ಮೇಲೆ ಎರಡೂ ಮೊಣಕೈ ಊರಿ ಕೂತರು.